ಬಾಹ್ಯಾಕಾಶದ ವ್ಯಾಪಾರ: ಹಣ ಕೊಡುವ ಗ್ರಾಹಕ ಎಲ್ಲಿದ್ದಾನೆ?

ಖಾಸಗಿ ಬಾಹ್ಯಾಕಾಶ ಉದ್ಯಮದ ಕುರಿತು ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ರಾಕೆಟ್‌ಗಳಿಗೆ ಸಂಬಂಧಿಸಿದವು. ಉಳಿದವು ಉಪಗ್ರಹ ಇಂಟರ್‌ನೆಟ್, ಸರ್ಕಾರದ ಪಾತ್ರ, ಪರವಾನಗಿ ಮುಂತಾದ ವಿಷಯಗಳನ್ನು ಎತ್ತಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿ. ಸ್ನೇಹಿತರು ಸೇರಿ ಸಣ್ಣ ಉಪಗ್ರಹಗಳನ್ನು ಹಾರಿಸುವ ರಾಕೆಟ್ ಕಂಪನಿಯೊಂದನ್ನು ಆರಂಭಿಸಬೇಕೆಂದಿದ್ದೇವೆ. ಈ ಕ್ಷೇತ್ರದಲ್ಲಿ ಇನ್ನೂ ಅವಕಾಶವಿದೆಯೇ?

ಉತ್ತರ: ಅವಕಾಶವಿದೆ. ಆದರೆ ಇಡೀ ಬಾಹ್ಯಾಕಾಶ ಉದ್ಯಮದಲ್ಲಿ ಇದಕ್ಕಿಂತ ಇಕ್ಕಟ್ಟಾದ ಜಾಗ ಇನ್ನೊಂದಿಲ್ಲ ಎಂಬುದನ್ನು ಅರಿತೇ ಹೆಜ್ಜೆ ಇಡಬೇಕು. ಅಮೆರಿಕದ ಉಪಗ್ರಹ ಉದ್ಯಮಗಳ ಸಂಘ 2023ನೇ ಸಾಲಿಗೆ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನ ವಾಣಿಜ್ಯ ಉಪಗ್ರಹ ವಹಿವಾಟು ಸುಮಾರು 28,500 ಕೋಟಿ ಡಾಲರ್. ಅದರಲ್ಲಿ ಉಡಾವಣೆಯ ಪಾಲು ಸುಮಾರು 700 ಕೋಟಿ ಡಾಲರ್ ಮಾತ್ರ. ಅರ್ಧಕ್ಕೂ ಹೆಚ್ಚು ಹಣ ಆಂಟೆನಾ, ಟರ್ಮಿನಲ್, ದಾರಿ ತೋರಿಸುವ ಸಾಧನಗಳಂತಹ ನೆಲದ ಮೇಲಿನ ಉಪಕರಣಗಳಿಗೆ ಸಲ್ಲುತ್ತದೆ. ಎಲ್ಲರ ಕಣ್ಣೂ ರಾಕೆಟ್ ಮೇಲಿದ್ದರೂ ಹಣ ಮಾತ್ರ ಬೇರೆ ಕಡೆ ಇದೆ.

ಸಣ್ಣ ರಾಕೆಟ್‌ನ ಕಷ್ಟ ಭೌತಶಾಸ್ತ್ರದಿಂದಲೇ ಆರಂಭವಾಗುತ್ತದೆ. ರಾಕೆಟ್ ಲ್ಯಾಬ್ ಕಂಪನಿಯ ಎಲೆಕ್ಟ್ರಾನ್ ರಾಕೆಟ್ ನೆಲ ಬಿಡುವಾಗ ಸುಮಾರು 13 ಟನ್ ತೂಗುತ್ತದೆ. ಕೆಳ ಕಕ್ಷೆಗೆ ಅದು ಒಯ್ಯಬಲ್ಲದ್ದು ಹೆಚ್ಚೆಂದರೆ 300 ಕಿಲೋಗ್ರಾಂ. ಇದರ ಜೊತೆಗೆ ಉಡಾವಣಾ ಕಟ್ಟೆ, ಪರೀಕ್ಷಾ ಘಟಕ, ಸುರಕ್ಷತಾ ವ್ಯವಸ್ಥೆ, ನೂರಾರು ಎಂಜಿನಿಯರುಗಳ ಸಂಬಳ ಇವೆಲ್ಲವೂ ರಾಕೆಟ್ ಹಾರಿದರೂ ಹಾರದಿದ್ದರೂ ತಿಂಗಳು ತಿಂಗಳು ಭರಿಸಲೇಬೇಕಾದ ಖರ್ಚುಗಳು. ಆದ್ದರಿಂದ ವರ್ಷಕ್ಕೆ ಎಷ್ಟು ಬಾರಿ ಹಾರಿಸುತ್ತೀರಿ ಎಂಬುದರ ಮೇಲೆಯೇ ಲಾಭ ನಷ್ಟ ನಿಂತಿರುತ್ತದೆ. ವರ್ಜಿನ್ ಆರ್ಬಿಟ್ ಕಂಪನಿ 2020ರಿಂದ 2023ರ ಜನವರಿವರೆಗೆ ಹಾರಿಸಿದ್ದು ಒಟ್ಟು ಆರು ಬಾರಿ. ಆರನೆಯ ಹಾರಾಟದಲ್ಲಿ ರಾಕೆಟ್‌ನ ಎರಡನೇ ಹಂತದ, ಅಂದರೆ ಮೇಲಿನ ಭಾಗದ, ಇಂಧನ ಕೊಳವೆಯೊಳಗಿನ ಸೋಸುಬಲೆಯೊಂದು ಜಾಗ ತಪ್ಪಿತು. ಎಂಜಿನ್‌ಗೆ ಸರಿಯಾಗಿ ಇಂಧನ ತಲುಪದೆ ಅದು ಮಿತಿಮೀರಿ ಕಾದು, ಉಪಗ್ರಹಗಳೆಲ್ಲ ನಷ್ಟವಾದವು. ಮೂರೇ ತಿಂಗಳಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಕಂಪನಿಯನ್ನು ಕೆಡವಿದ್ದು ಆ ಬಿಡಿಭಾಗವೊಂದೇ ಅಲ್ಲ. ವರ್ಷಕ್ಕೆ ಎರಡು ಹಾರಾಟದ ಆದಾಯದಲ್ಲಿ ಒಂದು ವೈಫಲ್ಯವನ್ನು ತಾಳಿಕೊಳ್ಳುವಷ್ಟು ಹಣ ಅದರ ಕೈಯಲ್ಲಿ ಉಳಿದಿರಲಿಲ್ಲ.

ಇನ್ನು ಪೈಪೋಟಿಯ ವಿಚಾರ. ಸ್ಪೇಸ್‌ಎಕ್ಸ್ 2019ರಲ್ಲಿ ಹಂಚಿಕೆ ಪ್ರಯಾಣದ ಯೋಜನೆಯನ್ನು ಪ್ರಕಟಿಸಿ, 200 ಕಿಲೋಗ್ರಾಂವರೆಗಿನ ಉಪಗ್ರಹಕ್ಕೆ 10 ಲಕ್ಷ ಡಾಲರ್ ಎಂಬ ದರವನ್ನು ಮುಂದಿಟ್ಟಿತು. 2021ರ ಜನವರಿಯಲ್ಲಿ ಒಂದೇ ಫಾಲ್ಕನ್ 9 ರಾಕೆಟ್ 143 ಉಪಗ್ರಹಗಳನ್ನು ಕೊಂಡೊಯ್ದಿತು. ತೂಕದ ಲೆಕ್ಕದಲ್ಲಿ ಆ ದರಕ್ಕೆ ಸರಿಸಾಟಿಯಾಗಿ ಮಾರಲು ಯಾವ ಸಣ್ಣ ರಾಕೆಟ್ ಕಂಪನಿಗೂ ಸಾಧ್ಯವಿಲ್ಲ. ಹಾಗಾದರೆ ರಾಕೆಟ್ ಲ್ಯಾಬ್ ಉಳಿದುಕೊಂಡದ್ದು ಹೇಗೆ? ದೊಡ್ಡ ರಾಕೆಟ್ ತನಗೆ ಅನುಕೂಲವಾದ ದಿನ, ಅನುಕೂಲವಾದ ಕಕ್ಷೆಗೆ ಹೋಗುತ್ತದೆ. ತನಗೆ ಬೇಕಾದ ದಿನ, ಬೇಕಾದ ಕಕ್ಷೆಯೇ ಆಗಬೇಕು ಎನ್ನುವ ಗ್ರಾಹಕರೂ ಇದ್ದಾರೆ, ಅವರು ಹೆಚ್ಚು ಬೆಲೆ ತೆರಲು ಸಿದ್ಧರಿದ್ದಾರೆ. ಅವರನ್ನು ರಾಕೆಟ್ ಲ್ಯಾಬ್ ಹಿಡಿದುಕೊಂಡಿತು. ಅಷ್ಟಕ್ಕೇ ನಿಲ್ಲದೆ, ಉಪಗ್ರಹದ ದಿಕ್ಕನ್ನು ಹಿಡಿದಿಡುವ ಚಕ್ರಗಳು ಹಾಗೂ ನಕ್ಷತ್ರ ನೋಡಿ ದಿಕ್ಕು ಗುರುತಿಸುವ ಸಾಧನಗಳನ್ನು ತಯಾರಿಸುವ ಕಂಪನಿಯನ್ನು 2020ರಲ್ಲಿ, ಸೌರಫಲಕ ತಯಾರಿಸುವ ಕಂಪನಿಯನ್ನು 2022ರಲ್ಲಿ ಖರೀದಿಸಿತು. ಈಗ ಅದರ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಉಪಗ್ರಹಗಳು ಮತ್ತು ಬಿಡಿಭಾಗಗಳ ಮಾರಾಟದಿಂದ. ರಾಕೆಟ್‌ನಿಂದ ಹೆಸರು ಗಳಿಸಿದ ಕಂಪನಿ ರಾಕೆಟ್‌ನ ಹೊರಗೆ ಆಸರೆ ಹುಡುಕಿಕೊಂಡಿತು ಎಂಬುದನ್ನು ನೀವು ಗಂಭೀರವಾಗಿ ಪರಿಗಣಿಸಬೇಕು.

ನಿಮ್ಮ ತಂಡದಲ್ಲಿ ಎಂಜಿನ್ ಪರಿಣತಿ ನಿಜಕ್ಕೂ ಇದ್ದರೆ, ಇಡೀ ರಾಕೆಟ್‌ಗೆ ಕೈಹಾಕುವ ಮುನ್ನ ಉಪಗ್ರಹಗಳು ಕಕ್ಷೆಯಲ್ಲಿ ಜಾಗ ಬದಲಿಸಲು ಬಳಸುವ ಸಣ್ಣ ನೂಕು ಎಂಜಿನ್‌ಗಳತ್ತ ನೋಡಿ ಎಂಬುದು ನನ್ನ ಸಲಹೆ. ಅದಕ್ಕೆ ಉಡಾವಣಾ ಕಟ್ಟೆ ಬೇಕಿಲ್ಲ, ಮತ್ತು ಒಬ್ಬ ಗ್ರಾಹಕ ಒಪ್ಪಿದರೆ ಅವನು ಕೊಳ್ಳುವುದು ಒಂದನ್ನಲ್ಲ, ಹತ್ತಾರನ್ನು.

ಪ್ರಶ್ನೆ: ನಾನು ವಾಣಿಜ್ಯ ಪದವೀಧರೆ, ವಿಮಾ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ವಿಜ್ಞಾನದ ಹಿನ್ನೆಲೆ ಇಲ್ಲದವರಿಗೆ ಬಾಹ್ಯಾಕಾಶ ಉದ್ಯಮದಲ್ಲಿ ಸ್ಥಾನವಿದೆಯೇ?

ಉತ್ತರ: ಇದೆ. ನಿಮ್ಮ ಪತ್ರ ಓದಿದಾಗ, ಮೇಲಿನ ಪ್ರಶ್ನೆ ಕೇಳಿದ ವಿದ್ಯಾರ್ಥಿಗಿಂತ ನೀವೇ ಗ್ರಾಹಕನಿಗೆ ಹತ್ತಿರದಲ್ಲಿದ್ದೀರಿ ಅನ್ನಿಸಿತು. ವಿಮೆಯವರಿಗೆ ಉಪಗ್ರಹದ ಚಿತ್ರ ಬೇಕಾಗಿಲ್ಲ. ಪ್ರವಾಹ ಬಂದಾಗ ಯಾವ ಕಟ್ಟಡದಲ್ಲಿ ಎಷ್ಟು ಎತ್ತರಕ್ಕೆ ನೀರು ನಿಂತಿತ್ತು, ಎಷ್ಟು ಹೊತ್ತು ನಿಂತಿತ್ತು ಎಂಬ ಉತ್ತರ ಬೇಕು, ಅದೂ ಪರಿಹಾರದ ಅರ್ಜಿಗಳು ಬಂದು ಬೀಳುವ ಮೊದಲೇ ಬೇಕು.

ಫಿನ್ಲೆಂಡ್‌ನ ಐಸ್‌ಐ ಕಂಪನಿ ಇದನ್ನು ಹೇಗೆ ಸಾಧಿಸಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪ್ರವಾಹದ ದಿನಗಳಲ್ಲಿ ಆಕಾಶದ ತುಂಬ ಮೋಡ ಇರುವುದರಿಂದ ಸಾಮಾನ್ಯ ಕ್ಯಾಮೆರಾ ಹೊತ್ತ ಉಪಗ್ರಹಕ್ಕೆ ನೆಲ ಕಾಣುವುದಿಲ್ಲ. ರೇಡಾರ್ ಉಪಗ್ರಹ ತಾನೇ ಸೂಕ್ಷ್ಮತರಂಗಗಳನ್ನು ಕಳಿಸಿ ಅವುಗಳ ಪ್ರತಿಫಲನವನ್ನು ಅಳೆಯುವುದರಿಂದ ಮೋಡವಾಗಲಿ ಕತ್ತಲಾಗಲಿ ಅದಕ್ಕೆ ಅಡ್ಡಿಯಲ್ಲ. ನಿಂತ ನೀರಿನ ನುಣುಪು ಮೈ ಆ ತರಂಗಗಳನ್ನು ಉಪಗ್ರಹದ ಕಡೆಗೆ ಮರಳಿಸದೆ ಆಚೆಗೆ ಚಿಮ್ಮಿಸುತ್ತದೆ. ಹಾಗಾಗಿ ಚಿತ್ರದಲ್ಲಿ ನೀರು ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಭಾಗದ ಅಂಚನ್ನು ನೆಲದ ಏರುತಗ್ಗಿನ ನಕ್ಷೆಯ ಮೇಲಿಟ್ಟರೆ ಪ್ರತಿ ಜಾಗದಲ್ಲಿ ನೀರಿನ ಆಳ ಎಷ್ಟೆಂದು ಲೆಕ್ಕ ಹಾಕಬಹುದು. ಈ ರೇಡಾರ್ ತಂತ್ರ ದಶಕಗಳಷ್ಟು ಹಳೆಯದು, ಆದರೆ ಅದನ್ನು ಹೊತ್ತ ಉಪಗ್ರಹಗಳು ಟನ್‌ಗಟ್ಟಲೆ ತೂಗುತ್ತಿದ್ದವು. ಐಸ್‌ಐ 2018ರ ಜನವರಿಯಲ್ಲಿ 100 ಕಿಲೋಗ್ರಾಂಗಿಂತ ಕಡಿಮೆ ತೂಕದ ರೇಡಾರ್ ಉಪಗ್ರಹವನ್ನು ಹಾರಿಸಿ, ಅಂಥವುಗಳ ಸಮೂಹವನ್ನೇ ಕಟ್ಟಿ, ಒಂದೇ ಜಾಗವನ್ನು ಪದೇ ಪದೇ ನೋಡುವುದನ್ನು ಸಾಧ್ಯವಾಗಿಸಿತು. ನೀರು ಏರುವುದು ಇಳಿಯುವುದು ಗಂಟೆಗಳ ಲೆಕ್ಕದಲ್ಲಿ ನಡೆಯುವ ಸಂಗತಿಯಾದ್ದರಿಂದ, ಪದೇ ಪದೇ ನೋಡುವುದರಲ್ಲಿಯೇ ವ್ಯಾಪಾರದ ಬೆಲೆ ಇದೆ.

ಇಂಥದೇ ಇನ್ನೊಂದು ಉದಾಹರಣೆ ಕೆನಡಾದ ಜಿಎಚ್‌ಜಿಸ್ಯಾಟ್. ತೈಲ ಮತ್ತು ಅನಿಲ ಸ್ಥಾವರಗಳಿಂದ ಸೋರುವ ಮೀಥೇನ್ ಅನಿಲವನ್ನು ಆಕಾಶದಿಂದ ಅಳೆಯುವುದೇ ಅದರ ಕಸುಬು. ಅದರ ಮೊದಲ ಉಪಗ್ರಹ 2016ರಲ್ಲಿ ಪಿಎಸ್‌ಎಲ್‌ವಿ ಮೂಲಕ ಕಕ್ಷೆಗೆ ಹೋಯಿತು. 2019ರಲ್ಲಿ ತುರ್ಕಮೆನಿಸ್ತಾನದಲ್ಲಿ ಕೆಸರು ಜ್ವಾಲಾಮುಖಿಯೊಂದನ್ನು ಗಮನಿಸುತ್ತಿದ್ದಾಗ, ಪಕ್ಕದ ಅನಿಲ ಸ್ಥಾವರದಿಂದ ಭಾರೀ ಪ್ರಮಾಣದಲ್ಲಿ ಮೀಥೇನ್ ಸೋರುತ್ತಿರುವುದು ಅದಕ್ಕೆ ಕಂಡಿತು. ಸೋರಿಕೆ ಎಂದರೆ ಸ್ಥಾವರದವರಿಗೆ ಮಾರಬೇಕಾದ ಸರಕೇ ಗಾಳಿಪಾಲಾದಂತೆ, ಸರ್ಕಾರಗಳಿಗೆ ಪರಿಸರ ನಿಯಮದ ಉಲ್ಲಂಘನೆ. ಒಂದೇ ಅಳತೆಗೆ ಇಬ್ಬರು ಗ್ರಾಹಕರು ಸಿಕ್ಕಂತಾಯಿತು.

ಸ್ವಂತ ಉಪಗ್ರಹವೇ ಬೇಕೆಂದೂ ಇಲ್ಲ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿವೆ. ಅವನ್ನು ಬೆಲೆಗೆ ಮಾರುತ್ತಿದ್ದಾಗ ಕೊಳ್ಳುವವರು ವಿರಳ. 2008ರಲ್ಲಿ ಎಲ್ಲ ಚಿತ್ರಗಳನ್ನೂ ಉಚಿತವಾಗಿ ತೆರೆದಿಟ್ಟ ಮೇಲೆ ಬಳಕೆ ಹಲವು ಪಟ್ಟು ಏರಿತು. ಯುರೋಪಿನ ಸೆಂಟಿನೆಲ್ ಉಪಗ್ರಹಗಳ ದತ್ತಾಂಶವೂ ಉಚಿತ. ಈ ಉಚಿತ ದತ್ತಾಂಶವನ್ನು ಇಟ್ಟುಕೊಂಡು ಒಂದು ಪ್ರದೇಶದ ಹಿಂದಿನ ಹತ್ತು ವರ್ಷಗಳ ಬೆಳೆ ನಷ್ಟ ಅಥವಾ ಪ್ರವಾಹದ ದಾಖಲೆಯನ್ನು ಕಟ್ಟಿ, ಅದನ್ನು ವಿಮಾ ಕಂಪನಿಯ ನಿಜವಾದ ಪರಿಹಾರ ಪಾವತಿಯ ದಾಖಲೆಗೆ ಹೋಲಿಸಿ ತೋರಿಸಿದರೆ, ನಿಮ್ಮ ಮೊದಲ ಸರಕು ಸಿದ್ಧವಾದಂತೆ. ಚಿತ್ರ ವಿಶ್ಲೇಷಣೆ ಮಾಡುವ ತಂತ್ರಜ್ಞರು ನಿಮಗೆ ಸಿಗುತ್ತಾರೆ. ಪರಿಹಾರದ ಅರ್ಜಿ ಎಲ್ಲಿ ತಡೆಯುತ್ತದೆ, ಯಾವ ಪುರಾವೆಯನ್ನು ಲೆಕ್ಕಪರಿಶೋಧಕರು ಒಪ್ಪುತ್ತಾರೆ ಎಂಬುದನ್ನು ಬಲ್ಲವರು ಆ ತಂತ್ರಜ್ಞರಿಗೆ ಸುಲಭವಾಗಿ ಸಿಗುವುದಿಲ್ಲ.

ಪ್ರಶ್ನೆ: ಇರಿಡಿಯಮ್ ಎಂಬ ಉಪಗ್ರಹ ದೂರವಾಣಿ ಕಂಪನಿ ಹಿಂದೆ ದಿವಾಳಿಯಾಗಿತ್ತು. ಈಗಿನ ಉಪಗ್ರಹ ಇಂಟರ್‌ನೆಟ್ ಕಂಪನಿಗಳಿಗೂ ಅದೇ ಗತಿ ಬಾರದೆಂದು ಹೇಗೆ ನಂಬುವುದು?

ಉತ್ತರ: ಇರಿಡಿಯಮ್ ಕಥೆಯ ಮೊದಲರ್ಧ ಎಲ್ಲರಿಗೂ ಗೊತ್ತು, ಎರಡನೆಯ ಅರ್ಧ ಹೆಚ್ಚು ಬೋಧಪ್ರದವಾದದ್ದು. ಮೊಟೊರೋಲಾ ಬೆಂಬಲದ ಈ ಯೋಜನೆ ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ 66 ಉಪಗ್ರಹಗಳ ಜಾಲವನ್ನು ಕಟ್ಟಿ 1998ರ ನವೆಂಬರ್‌ನಲ್ಲಿ ಸೇವೆ ಆರಂಭಿಸಿತು. ಸುಮಾರು 500 ಕೋಟಿ ಡಾಲರ್ ಖರ್ಚಾಗಿತ್ತು. ಮುಂದಿನ ಆಗಸ್ಟ್‌ನಲ್ಲೇ ಅದು ದಿವಾಳಿಯಾಯಿತು. ಯೋಜನೆ ಹುಟ್ಟಿದ್ದು 1980ರ ದಶಕದ ಕೊನೆಯಲ್ಲಿ. ಆಗ ದೇಶ ದಾಟಿದ ವ್ಯಾಪಾರಿಯ ಮೊಬೈಲ್ ಕೆಲಸ ಮಾಡುತ್ತಿರಲಿಲ್ಲ. ಉಪಗ್ರಹಗಳು ಮೇಲೇರುವ ಹೊತ್ತಿಗೆ ನೆಲದ ಮೊಬೈಲ್ ಜಾಲ ಅವನನ್ನು ಬಹುತೇಕ ಎಲ್ಲೆಡೆ ತಲುಪಿತ್ತು. ಕಟ್ಟಡದೊಳಗೆ ಸರಿಯಾಗಿ ಕೇಳಿಸದ, ಸುಮಾರು 3,000 ಡಾಲರ್ ಬೆಲೆಯ ದಪ್ಪ ಫೋನನ್ನು ಅವನು ಏಕೆ ಕೊಂಡಾನು?

2000ದ ಕೊನೆಯಲ್ಲಿ ಹೊಸ ಮಾಲೀಕರು ಆ ಇಡೀ ಜಾಲವನ್ನು 2.5 ಕೋಟಿ ಡಾಲರಿಗೆ ಕೊಂಡರು. ಅಮೆರಿಕದ ರಕ್ಷಣಾ ಇಲಾಖೆ ಸೇವೆಯ ಗುತ್ತಿಗೆ ಕೊಟ್ಟಿತು. ಉಪಗ್ರಹಗಳು ಅವೇ, ಫೋನೂ ಅದೇ. ಬದಲಾದದ್ದು ಎರಡೇ: ಸಾಲದ ಹೊರೆ ಹೋಯಿತು, ಗ್ರಾಹಕ ಬೇರೆಯಾದ. ಹಡಗು, ವಿಮಾನ, ಗಣಿ, ಸೇನೆ, ವಿಪತ್ತು ಪರಿಹಾರ ತಂಡ ಮುಂತಾಗಿ ನೆಲದ ಜಾಲ ಎಂದೂ ತಲುಪದ ಕಡೆ ದುಡಿಯುವವರೇ ಅದರ ಗ್ರಾಹಕರಾದರು. ಕಂಪನಿ ಮುಂದೆ ಲಾಭ ಕಂಡು, 2017ರಿಂದ 2019ರ ನಡುವೆ ಹೊಸ ತಲೆಮಾರಿನ ಉಪಗ್ರಹಗಳನ್ನೂ ಹಾರಿಸಿತು.

ಈಗಿನವರ ಸ್ಥಿತಿಯನ್ನು ಇದೇ ಅಳತೆಯಲ್ಲಿ ನೋಡಬಹುದು. ಸ್ಪೇಸ್‌ಎಕ್ಸ್ ನಡೆಸುವ ಇಂಟರ್‌ನೆಟ್ ಜಾಲವಾದ ಸ್ಟಾರ್‌ಲಿಂಕ್‌ನ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿವೆ. 35,786 ಕಿಲೋಮೀಟರ್ ಎತ್ತರದಲ್ಲಿ, ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹದ ಮೂಲಕ ಹೋಗಿ ಬರುವ ಸಂಕೇತಕ್ಕೆ ಅರ್ಧ ಸೆಕೆಂಡಿನಷ್ಟು ಹಿಡಿದರೆ, ಇಲ್ಲಿ ಅದರ ಹತ್ತನೇ ಒಂದು ಪಾಲೂ ಬೇಕಿಲ್ಲ. ಕಂಪನಿಯದೇ ರಾಕೆಟ್, ಅದರ ಮೊದಲ ಹಂತ ಮತ್ತೆ ಮತ್ತೆ ಬಳಕೆಗೆ ಬರುವಂಥದ್ದು. 2015ರ ಡಿಸೆಂಬರ್‌ನಲ್ಲಿ ಫಾಲ್ಕನ್ 9ರ ಮೊದಲ ಹಂತ ಉಡಾವಣೆಯ ನಂತರ ಮರಳಿ ನೆಲಕ್ಕಿಳಿಯಿತು. 2017ರ ಮಾರ್ಚ್‌ನಲ್ಲಿ ಹೀಗೆ ಮರಳಿ ಬಂದ ಹಂತವೊಂದು ಮೊದಲ ಬಾರಿಗೆ ಮತ್ತೆ ಹಾರಿತು. ಇದಿಲ್ಲದಿದ್ದರೆ ಸಾವಿರಾರು ಉಪಗ್ರಹಗಳ ಜಾಲದ ಲೆಕ್ಕವೇ ಕೂಡುತ್ತಿರಲಿಲ್ಲ. ಆದರೂ ಎರಡು ಹೊರೆಗಳು ಉಳಿದಿವೆ. ಈ ಉಪಗ್ರಹಗಳ ಆಯಸ್ಸು ಸುಮಾರು ಐದು ವರ್ಷ, ಅಂದರೆ ಜಾಲವನ್ನು ಕಟ್ಟಿ ಮುಗಿಸುವುದೆಂಬುದು ಇಲ್ಲವೇ ಇಲ್ಲ. ಜೊತೆಗೆ ಉಪಗ್ರಹಗಳು ತಮ್ಮ ಸಮಯದ ಬಹುಪಾಲನ್ನು ಜನರೇ ಇಲ್ಲದ ಸಮುದ್ರದ ಮೇಲೆ ಕಳೆಯುತ್ತವೆ; ಜನ ಕಿಕ್ಕಿರಿದ ನಗರದ ಮೇಲೆ ಬಂದಾಗ ಎಲ್ಲರಿಗೂ ಸಾಲುವಷ್ಟು ಸಾಮರ್ಥ್ಯ ಇರುವುದಿಲ್ಲ.

ಒನ್‌ವೆಬ್ ಕಂಪನಿಗೆ ಸ್ವಂತ ರಾಕೆಟ್ ಇರಲಿಲ್ಲ. 74 ಉಪಗ್ರಹಗಳನ್ನು ಹಾರಿಸುವಷ್ಟರಲ್ಲಿ, 2020ರ ಮಾರ್ಚ್‌ನಲ್ಲಿ, ಹೊಸ ಬಂಡವಾಳ ಸಿಗದೆ ಅದು ದಿವಾಳಿಯಾಯಿತು. ಬ್ರಿಟನ್ ಸರ್ಕಾರ ಮತ್ತು ಭಾರ್ತಿ ಸಮೂಹ ಅದನ್ನು ಉಳಿಸಿಕೊಂಡವು. 2022ರಲ್ಲಿ ಯುಕ್ರೇನ್ ಯುದ್ಧ ಆರಂಭವಾಗಿ ರಷ್ಯಾದ ಸೊಯುಜ್ ರಾಕೆಟ್ ಕೈತಪ್ಪಿದಾಗ, ಅದು ಪ್ರತಿಸ್ಪರ್ಧಿ ಸ್ಪೇಸ್‌ಎಕ್ಸ್‌ನ ಮತ್ತು ಇಸ್ರೋದ ರಾಕೆಟ್‌ಗಳನ್ನು ಅವಲಂಬಿಸಬೇಕಾಯಿತು. ಆದ್ದರಿಂದ ಇಂಥ ಕಂಪನಿಯಲ್ಲಿ ಹಣ ಹೂಡುವವರು ಚಂದಾದಾರರ ಸಂಖ್ಯೆಯನ್ನು ಕೇಳುವ ಮುನ್ನ, ಸಾಲ ಎಷ್ಟಿದೆ, ಮುಂದಿನ ಐದು ವರ್ಷಗಳ ಬದಲಿ ಉಪಗ್ರಹಗಳಿಗೆ ರಾಕೆಟ್ ಯಾರದು ಎಂದು ಕೇಳಬೇಕು.

ಪ್ರಶ್ನೆ: ಕ್ಷುದ್ರಗ್ರಹಗಳಲ್ಲಿ ಗಣಿಗಾರಿಕೆ ನಡೆಸಿ ಅಮೂಲ್ಯ ಲೋಹ ತರುವ ಕಂಪನಿಗಳನ್ನು ನಂಬಬಹುದೇ?

ಉತ್ತರ: ಸದ್ಯಕ್ಕೆ ಹಣ ಹೂಡುವ ಮಟ್ಟಿಗೆ ಬೇಡ. ನೂರು ಕೋಟಿ ಡಾಲರಿನಷ್ಟು ಖರ್ಚು ಮಾಡಿದ ನಾಸಾದ ಒಸಿರಿಸ್-ರೆಕ್ಸ್ ನೌಕೆ 2023ರಲ್ಲಿ ಬೆನ್ನು ಎಂಬ ಕ್ಷುದ್ರಗ್ರಹದಿಂದ ತಂದದ್ದು 121.6 ಗ್ರಾಂ, ಜಪಾನಿನ ಹಯಾಬುಸಾ2 ತಂದದ್ದು ಸುಮಾರು 5.4 ಗ್ರಾಂ. ವಿಜ್ಞಾನಕ್ಕೆ ಇವು ಅಮೂಲ್ಯ, ವ್ಯಾಪಾರಕ್ಕೆ ಇವು ಅಳತೆಗೇ ಸಿಗುವುದಿಲ್ಲ. 2012ರಲ್ಲಿ ಭಾರೀ ಪ್ರಚಾರದೊಂದಿಗೆ ಹೊರಬಂದ ಪ್ಲಾನೆಟರಿ ರಿಸೋರ್ಸಸ್ ಕಂಪನಿಗೆ ಹಣ ಸಾಲದೆ, 2018ರಲ್ಲಿ ಬ್ಲಾಕ್‌ಚೈನ್ ಕಂಪನಿಯೊಂದರ ಪಾಲಾಯಿತು. ಅಮೆರಿಕ 2015ರಲ್ಲಿ, ಲಕ್ಸೆಂಬರ್ಗ್ 2017ರಲ್ಲಿ ಇಂಥ ಸಂಪನ್ಮೂಲದ ಒಡೆತನಕ್ಕೆ ಕಾನೂನು ಮಾಡಿವೆ. ಕಾನೂನು ಸಿದ್ಧವಿದೆ, ಕೊಳ್ಳುವವರು ಇನ್ನೂ ಇಲ್ಲ.

ಪ್ರಶ್ನೆ: ಖಾಸಗಿ ಉದ್ಯಮ ಎನ್ನುತ್ತಾರೆ, ಆದರೆ ಎಲ್ಲ ಕಂಪನಿಗಳ ಹಿಂದೆಯೂ ಸರ್ಕಾರದ ಹಣವೇ ಇರುತ್ತದೆ. ಇದನ್ನು ಉದ್ಯಮಶೀಲತೆ ಎನ್ನಬಹುದೇ?

ಉತ್ತರ: ಸರ್ಕಾರದ ಹಣ ಇದೆ ಎಂಬುದು ನಿಜ. ಆದರೆ ಆ ಹಣವನ್ನು ಯಾವ ಷರತ್ತಿನ ಮೇಲೆ ಕೊಡಲಾಗುತ್ತದೆ ಎಂಬುದರಲ್ಲಿ ದೊಡ್ಡ ವ್ಯತ್ಯಾಸವಿದೆ, ಮತ್ತು ನನ್ನ ದೃಷ್ಟಿಯಲ್ಲಿ ಕಳೆದ ಎರಡು ದಶಕಗಳ ನಿಜವಾದ ಆವಿಷ್ಕಾರ ನಡೆದದ್ದು ಆ ಷರತ್ತುಗಳಲ್ಲಿಯೇ.

ಹಳೆಯ ಪದ್ಧತಿಯಲ್ಲಿ ಸರ್ಕಾರ ರಾಕೆಟ್‌ನ ವಿನ್ಯಾಸವನ್ನು ತಾನೇ ನಿರ್ಧರಿಸಿ, ತಗಲಿದ ವೆಚ್ಚವನ್ನೆಲ್ಲ ಭರಿಸಿ, ಅದರ ಮೇಲೆ ಲಾಭಾಂಶ ಕೊಡುತ್ತಿತ್ತು. ವೆಚ್ಚ ಏರಿದರೂ ಗುತ್ತಿಗೆದಾರನಿಗೆ ನಷ್ಟವಿರಲಿಲ್ಲ. 2006ರಲ್ಲಿ ನಾಸಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ಸಾಗಿಸುವ ಕೆಲಸಕ್ಕೆ ಬೇರೆ ದಾರಿ ಹಿಡಿಯಿತು. ಏನು ಬೇಕೆಂದು ಮಾತ್ರ ಹೇಳಿತು, ಹೇಗೆ ಎಂಬುದನ್ನು ಕಂಪನಿಗಳಿಗೆ ಬಿಟ್ಟಿತು. ಮೊದಲೇ ಗೊತ್ತುಪಡಿಸಿದ ಪ್ರತಿ ಮೈಲಿಗಲ್ಲು ತಲುಪಿದ ಮೇಲೆ ನಿಗದಿತ ಹಣ. ಉಳಿದದ್ದನ್ನು ಕಂಪನಿಯೇ ಹೊಂದಿಸಿಕೊಳ್ಳಬೇಕು. ಆಯ್ಕೆಯಾದ ಎರಡು ಕಂಪನಿಗಳಲ್ಲಿ ಒಂದಾದ ರಾಕೆಟ್‌ಪ್ಲೇನ್ ಕಿಸ್ಲರ್‌ಗೆ ಖಾಸಗಿ ಬಂಡವಾಳ ತರಲಾಗಲಿಲ್ಲ. ನಾಸಾ 2007ರಲ್ಲಿ ಅದರ ಒಪ್ಪಂದ ಮುರಿದು, ಉಳಿದ ಹಣವನ್ನು ಮರುವರ್ಷ ಆರ್ಬಿಟಲ್ ಸೈನ್ಸಸ್‌ಗೆ ಕೊಟ್ಟಿತು. ಸೋತವರನ್ನು ಕೈಬಿಡುವ ಈ ಧೈರ್ಯವಿಲ್ಲದಿದ್ದರೆ ಪದ್ಧತಿಗೆ ಅರ್ಥವೇ ಇರುತ್ತಿರಲಿಲ್ಲ. ಇನ್ನೊಂದು ಕಂಪನಿ ಸ್ಪೇಸ್‌ಎಕ್ಸ್. ಅದರ ಫಾಲ್ಕನ್ 1 ಮೂರು ಬಾರಿ ವಿಫಲವಾಗಿ, 2008ರ ಸೆಪ್ಟೆಂಬರ್‌ನಲ್ಲಿ ನಾಲ್ಕನೆಯ ಯತ್ನದಲ್ಲಿ ಕಕ್ಷೆ ಮುಟ್ಟಿತು. ಅದೇ ಡಿಸೆಂಬರ್‌ನಲ್ಲಿ 12 ಸರಕು ಯಾನಗಳಿಗೆ 160 ಕೋಟಿ ಡಾಲರಿನ ಗುತ್ತಿಗೆ ಸಿಕ್ಕಿತು. ಫಾಲ್ಕನ್ 9ರ ಮೊದಲ ಆವೃತ್ತಿಗೆ ಸುಮಾರು 30 ಕೋಟಿ ಡಾಲರ್ ತಗಲಿತೆಂದು ಕಂಪನಿ ಲೆಕ್ಕ ಕೊಟ್ಟಿತು. ಹಳೆಯ ಪದ್ಧತಿಯಲ್ಲಾದರೆ ಅದಕ್ಕೆ ಸುಮಾರು 400 ಕೋಟಿ ಡಾಲರ್ ಬೇಕಾಗುತ್ತಿತ್ತು ಎಂದು ನಾಸಾದ ಸ್ವಂತ ಅಂದಾಜು ಹೇಳಿತು.

ನಿಗದಿತ ದರದ ಗುತ್ತಿಗೆ ಎಲ್ಲ ಕಡೆ ಒಳ್ಳೆಯದೆಂದು ಹೇಳಲಾರೆ. ಗಗನಯಾತ್ರಿಗಳನ್ನು ಒಯ್ಯುವ ನೌಕೆಗಾಗಿ 2014ರಲ್ಲಿ ಬೋಯಿಂಗ್‌ಗೆ 420 ಕೋಟಿ, ಸ್ಪೇಸ್‌ಎಕ್ಸ್‌ಗೆ 260 ಕೋಟಿ ಡಾಲರ್ ಗುತ್ತಿಗೆ ಸಿಕ್ಕಿತು. ಸ್ಟಾರ್‌ಲೈನರ್ ನೌಕೆಯ ತೊಂದರೆಗಳನ್ನು ಸರಿಪಡಿಸುವುದರಲ್ಲಿ ಬೋಯಿಂಗ್ ತನ್ನ ಕೈಯಿಂದ 150 ಕೋಟಿ ಡಾಲರಿಗೂ ಮೀರಿ ಕಳೆದುಕೊಂಡಿತು. ಅಷ್ಟು ನಷ್ಟವನ್ನು ಹೊಸ ಕಂಪನಿಯೊಂದು ಒಂದು ದಿನವೂ ಹೊರಲಾರದು. ವಿನ್ಯಾಸ ಇನ್ನೂ ಕೈಗೆ ಹತ್ತದ ಕೆಲಸಕ್ಕೆ ನಿಗದಿತ ದರ ಒಪ್ಪಿಕೊಳ್ಳುವ ನವೋದ್ಯಮಿ ತನ್ನ ಕಂಪನಿಯನ್ನೇ ಒತ್ತೆ ಇಟ್ಟಂತೆ. ಚಂದ್ರನಿಗೆ ಉಪಕರಣ ಒಯ್ಯುವ ನಾಸಾದ ಗುತ್ತಿಗೆಗಳಲ್ಲೂ ಈ ಏರುಪೇರು ಕಾಣುತ್ತದೆ: 2024ರ ಜನವರಿಯಲ್ಲಿ ಆಸ್ಟ್ರೊಬೊಟಿಕ್‌ನ ನೌಕೆ ಇಂಧನ ಸೋರಿ ಚಂದ್ರನನ್ನು ತಲುಪಲೇ ಇಲ್ಲ; ಫೆಬ್ರುವರಿಯಲ್ಲಿ ಇಂಟ್ಯೂಟಿವ್ ಮೆಷೀನ್ಸ್‌ನ ನೌಕೆ ಇಳಿದು ವಾಲಿಕೊಂಡಿತು; 2025ರ ಮಾರ್ಚ್‌ನಲ್ಲಿ ಫೈರ್‌ಫ್ಲೈ ಕಂಪನಿಯ ಬ್ಲೂ ಘೋಸ್ಟ್ ನೆಟ್ಟಗೆ ಇಳಿಯಿತು.

ಪ್ರಶ್ನೆ: ಬಾಹ್ಯಾಕಾಶ ಯಾರ ಸ್ವತ್ತೂ ಅಲ್ಲ ಎಂದಮೇಲೆ ಪರವಾನಗಿ ಏಕೆ? ಹೊಸ ಕಂಪನಿಗೆ ಇದು ಅಡ್ಡಿಯಲ್ಲವೇ?

ಉತ್ತರ: 1967ರ ಬಾಹ್ಯಾಕಾಶ ಒಪ್ಪಂದದ ಆರನೇ ವಿಧಿಯಂತೆ ಖಾಸಗಿಯವರ ಚಟುವಟಿಕೆಗೂ ಆಯಾ ದೇಶವೇ ಹೊಣೆ; ದೇಶ ಅದಕ್ಕೆ ಅನುಮತಿ ಕೊಡಬೇಕು, ನಿರಂತರ ಮೇಲ್ವಿಚಾರಣೆಯನ್ನೂ ನಡೆಸಬೇಕು. 1972ರ ಹೊಣೆಗಾರಿಕೆ ಒಪ್ಪಂದದ ಪ್ರಕಾರ ಬಾಹ್ಯಾಕಾಶದ ವಸ್ತು ನೆಲಕ್ಕೆ ಬಿದ್ದು ಹಾನಿಯಾದರೆ, ತಪ್ಪು ಯಾರದೆಂದು ಕೇಳದೆಯೇ, ಹಾರಿಸಿದ ದೇಶ ಪರಿಹಾರ ಕೊಡಬೇಕು. ನಿಮ್ಮ ಕಂಪನಿಯ ತಪ್ಪಿಗೆ ಸರ್ಕಾರ ದಂಡ ತೆರಬೇಕಾಗಿರುವಾಗ ಅದು ಕಾಗದ ಪತ್ರ ಕೇಳುವುದು ಸಹಜ.

ಪರವಾನಗಿಯನ್ನು ಕೊನೆಗೆ ನೋಡಿಕೊಳ್ಳೋಣ ಎಂದರೆ ಏನಾಗುತ್ತದೆ ಎಂಬುದಕ್ಕೆ ವಾರ್ಡಾ ಕಂಪನಿಯ ಅನುಭವವನ್ನು ನೋಡಿ. ಗುರುತ್ವದ ಎಳೆತ ಇಲ್ಲದಂಥ ಸ್ಥಿತಿಯಲ್ಲಿ ಔಷಧದ ಹರಳುಗಳನ್ನು ಬೆಳೆಸಿ ಭೂಮಿಗೆ ತರುವುದು ಅದರ ಉದ್ದೇಶ. ಎಚ್‌ಐವಿ ಚಿಕಿತ್ಸೆಯಲ್ಲಿ ಬಳಸುವ ರಿಟೊನವಿರ್ ಔಷಧದೊಂದಿಗೆ ಅದರ ಮೊದಲ ನೌಕೆ 2023ರ ಜೂನ್‌ನಲ್ಲಿ ಹಾರಿತು, ಆದರೆ ಭೂಮಿಗೆ ಮರಳಲು ಬೇಕಾದ ಪರವಾನಗಿ ಆಗಿನ್ನೂ ಕೈಸೇರಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅರ್ಜಿ ತಿರಸ್ಕೃತವಾಯಿತು. ಹರಳುಗಳು ತಿಂಗಳುಗಟ್ಟಲೆ ಕಕ್ಷೆಯಲ್ಲೇ ಸುತ್ತುತ್ತ ಕಾದವು. ಕೊನೆಗೆ ಪರವಾನಗಿ ಸಿಕ್ಕಿ, 2024ರ ಫೆಬ್ರುವರಿ 21ರಂದು ಹರಳುಗಳಿದ್ದ ಕೋಶ ಯೂಟಾ ರಾಜ್ಯದ ಮರುಭೂಮಿಯಲ್ಲಿ ಇಳಿಯಿತು. ತಂತ್ರಜ್ಞಾನ ಕೈಕೊಟ್ಟಿರಲಿಲ್ಲ, ಹರಳುಗಳೂ ಕೆಟ್ಟಿರಲಿಲ್ಲ. ಎರಡನೆಯ ಕೋಶವನ್ನು ಕಂಪನಿ 2025ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಇಳಿಸಿತು. ಪರವಾನಗಿಗೆ ಬೇಕಾದ ಕಾಲವನ್ನು ಎಂಜಿನ್ ಪರೀಕ್ಷೆಗೆ ಬೇಕಾದ ಕಾಲದಂತೆಯೇ ಯೋಜನೆಯ ಮೊದಲ ಪುಟದಲ್ಲಿ ಬರೆದಿಡಬೇಕು, ಆ ಅವಧಿಯ ಸಂಬಳದ ಹಣವನ್ನೂ ಎತ್ತಿಡಬೇಕು. ರೇಡಿಯೊ ತರಂಗಾಂತರಕ್ಕೆ ಅರ್ಜಿಯನ್ನು ಅದಕ್ಕಿಂತಲೂ ಮೊದಲು ಹಾಕಬೇಕು, ಏಕೆಂದರೆ ಸಂಪರ್ಕವಿಲ್ಲದ ಉಪಗ್ರಹದಿಂದ ಯಾರಿಗೂ ಪ್ರಯೋಜನವಿಲ್ಲ.

ಪ್ರಶ್ನೆ: ಬಾಹ್ಯಾಕಾಶದ ಕಸ ತೆಗೆಯುವುದು ಲಾಭದ ಉದ್ಯಮವಾಗಬಹುದೇ?

ಉತ್ತರ: ಕಸ ಹಾಕಿದವರಿಗೆ ಖರ್ಚು ಬರುವಂತೆ ನಿಯಮ ಇದ್ದರೆ ಮಾತ್ರ ಆಗುತ್ತದೆ. 2009ರ ಫೆಬ್ರುವರಿಯಲ್ಲಿ ಇರಿಡಿಯಮ್‌ನ ಒಂದು ಉಪಗ್ರಹಕ್ಕೆ ಕೆಟ್ಟುನಿಂತ ರಷ್ಯಾದ ಉಪಗ್ರಹವೊಂದು ಡಿಕ್ಕಿ ಹೊಡೆದು ಸಾವಿರಾರು ಚೂರುಗಳಾದವು. ಆ ಚೂರುಗಳಿಂದ ಎಲ್ಲರಿಗೂ ಅಪಾಯ, ಆದರೆ ತೆಗೆಯುವ ಖರ್ಚು ಕೊಡಲು ಯಾರೂ ಮುಂದೆ ಬರುವುದಿಲ್ಲ. ಅಮೆರಿಕದ ಸಂಪರ್ಕ ಆಯೋಗ 2022ರಲ್ಲಿ, ಕೆಳ ಕಕ್ಷೆಯ ಉಪಗ್ರಹಗಳನ್ನು ಕೆಲಸ ಮುಗಿದ ಐದು ವರ್ಷದೊಳಗೆ ಕಕ್ಷೆಯಿಂದ ತೆಗೆಯಬೇಕೆಂದು ನಿಯಮ ಮಾಡಿತು. 2023ರಲ್ಲಿ ಭೂಸ್ಥಿರ ಉಪಗ್ರಹವೊಂದನ್ನು ಒಪ್ಪಿದ ಎತ್ತರಕ್ಕೆ ಸರಿಸದ ಡಿಶ್ ಕಂಪನಿಗೆ ಒಂದೂವರೆ ಲಕ್ಷ ಡಾಲರ್ ದಂಡ ಹಾಕಿತು. ದಂಡ ಚಿಕ್ಕದು, ಆದರೆ ಇಂಥ ದಂಡ ಇದೇ ಮೊದಲು.

ಇದಕ್ಕಿಂತ ಗಟ್ಟಿಯಾದ ವ್ಯಾಪಾರ ಉಪಗ್ರಹಗಳ ಆಯಸ್ಸು ಹೆಚ್ಚಿಸುವುದು. ಇಂಧನ ಮುಗಿಯುತ್ತ ಬಂದಿದ್ದ ಇಂಟೆಲ್‌ಸ್ಯಾಟ್ 901ಕ್ಕೆ ನಾರ್ತ್‌ರಾಪ್ ಗ್ರಮನ್‌ನ ಸೇವಾ ನೌಕೆ 2020ರ ಫೆಬ್ರುವರಿಯಲ್ಲಿ ಕಕ್ಷೆಯಲ್ಲೇ ಜೋಡಿಸಿಕೊಂಡು, ಐದು ವರ್ಷ ಅದನ್ನು ಹಿಡಿದು ನಡೆಸಿತು. ಇಲ್ಲಿ ಹಣ ಕೊಡುವವರು ಯಾರೆಂಬ ಅನುಮಾನವೇ ಇಲ್ಲ, ಏಕೆಂದರೆ ಆ ಉಪಗ್ರಹ ದುಡಿದು ತರುತ್ತಿತ್ತು.

ಪ್ರಶ್ನೆ: ನಾವು ನಿಖರ ಲೋಹದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಉದ್ಯಮಿಗಳು. ಉಪಗ್ರಹ ಕಂಪನಿಗಳಿಗೆ ಮಾರಲು ಏನು ಸಿದ್ಧತೆ ಬೇಕು?

ಉತ್ತರ: ಅಳತೆಯ ನಿಖರತೆ ನಿಮಗೆ ಈಗಾಗಲೇ ಇರಬಹುದು. ಹೊಸದಾಗಿ ಕಲಿಯಬೇಕಾದದ್ದು ನಿರ್ವಾತದಲ್ಲಿ ವಸ್ತುಗಳು ಹೇಗೆ ವರ್ತಿಸುತ್ತವೆ ಎಂಬುದನ್ನು, ಮತ್ತು ದಾಖಲೆ ಇಡುವುದನ್ನು. ನೆಲದ ಮೇಲೆ ತುಕ್ಕು ತಡೆಯಲು ಬಳಸುವ ಕ್ಯಾಡ್ಮಿಯಂ ಲೇಪ ನಿರ್ವಾತದಲ್ಲಿ ಆವಿಯಾಗಿ ಪಕ್ಕದ ಮಸೂರದ ಮೇಲೋ ವಿದ್ಯುತ್ ಭಾಗದ ಮೇಲೋ ಕೂರುತ್ತದೆ. ಆದ್ದರಿಂದ ಅದಕ್ಕೆ ಅನುಮತಿ ಇಲ್ಲ. ಶುದ್ಧ ತವರದ ಲೇಪದಿಂದ ಕೂದಲಿಗಿಂತ ತೆಳುವಾದ ಎಳೆಗಳು ತಾವಾಗಿ ಬೆಳೆದು ವಿದ್ಯುತ್ ಮಾರ್ಗಗಳನ್ನು ಬೆಸೆದುಬಿಡುತ್ತವೆ. 1998ರಲ್ಲಿ ಗ್ಯಾಲಕ್ಸಿ 4 ಉಪಗ್ರಹ ಕೆಟ್ಟು ಅಮೆರಿಕದ ಬಹುಪಾಲು ಪೇಜರ್‌ಗಳು ಸ್ತಬ್ಧವಾದದ್ದಕ್ಕೆ ಇಂಥ ಎಳೆಗಳೇ ಕಾರಣವೆಂದು ಗುರುತಿಸಲಾಯಿತು. ಅಂಟು, ಪ್ಲಾಸ್ಟಿಕ್, ಎಣ್ಣೆ ಮುಂತಾದವನ್ನು 125 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 24 ಗಂಟೆ ನಿರ್ವಾತದಲ್ಲಿಟ್ಟು ತೂಗುವ ಪರೀಕ್ಷೆಯಿದೆ. ಒಟ್ಟು ತೂಕದಲ್ಲಿ ಶೇ 1ಕ್ಕಿಂತ ಹೆಚ್ಚು ಕಳೆದುಕೊಂಡ ವಸ್ತುವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ದಾಖಲೆಯ ವಿಷಯದಲ್ಲಿ, ಪ್ರತಿ ಬಿಡಿಭಾಗವೂ ಲೋಹದ ಯಾವ ಬ್ಯಾಚ್‌ನಿಂದ ಬಂತು, ಯಾವ ಯಂತ್ರದಲ್ಲಿ ಯಾರು ತಯಾರಿಸಿದರು, ಯಾವ ಪರೀಕ್ಷೆ ದಾಟಿತು ಎಂಬುದು ವರ್ಷಗಳ ನಂತರವೂ ತೆಗೆದು ತೋರಿಸುವಂತಿರಬೇಕು. ಈ ಶಿಸ್ತು ತರಲು ಯಂತ್ರ ಕೊಳ್ಳುವುದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಕೊನೆಯ ತೊಡಕು ಹಾರಾಟದ ಅನುಭವದ್ದು. ಒಮ್ಮೆಯೂ ಹಾರದ ಭಾಗವನ್ನು ಯಾರೂ ಕೊಳ್ಳುವುದಿಲ್ಲ, ಯಾರೂ ಕೊಳ್ಳದೆ ಅದು ಹಾರುವುದೂ ಇಲ್ಲ. ಇದನ್ನು ದಾಟಲು ಕಡಿಮೆ ವೆಚ್ಚದ ದಾರಿಗಳು ಈಗ ಇವೆ. ಇಸ್ರೋ ತನ್ನ ಪಿಎಸ್‌ಎಲ್‌ವಿ ರಾಕೆಟ್‌ನ ಕೆಲಸ ಮುಗಿದ ನಾಲ್ಕನೇ ಹಂತವನ್ನು 2022ರಿಂದ ‘ಪೋಯೆಮ್’ ಎಂಬ ಪ್ರಯೋಗ ವೇದಿಕೆಯಾಗಿ ಬಳಸುತ್ತಿದ್ದು, ನವೋದ್ಯಮಗಳ ಉಪಕರಣಗಳೂ ಅದರ ಮೇಲೆ ಕುಳಿತು ಕಕ್ಷೆಯಲ್ಲಿ ಕೆಲಸ ಮಾಡಿ ತೋರಿಸಿವೆ. 1999ರಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು ರೂಪಿಸಿದ, ಪ್ರತಿ ಬದಿ 10 ಸೆಂಟಿಮೀಟರಿನ ಕ್ಯೂಬ್‌ಸ್ಯಾಟ್ ಮಾದರಿಯಲ್ಲಿ ಉಪಗ್ರಹ ಕಟ್ಟುವ ಕಾಲೇಜು ತಂಡಗಳೂ ಬಿಡಿಭಾಗ ಕೊಡುವವರನ್ನು ಹುಡುಕುತ್ತಿರುತ್ತವೆ. ಅಂಥ ಒಂದು ತಂಡಕ್ಕೆ ನಿಮ್ಮ ಭಾಗವನ್ನು ಅಸಲು ಬೆಲೆಗೇ ಕೊಟ್ಟು, ಅದಕ್ಕೆ ಪ್ರತಿಯಾಗಿ ಅದು ಕಕ್ಷೆಯಲ್ಲಿ ಎಷ್ಟು ತಿಂಗಳು, ಎಷ್ಟು ಉಷ್ಣಾಂಶದ ಏರಿಳಿತದಲ್ಲಿ ಕೆಲಸ ಮಾಡಿತು ಎಂಬ ದತ್ತಾಂಶವನ್ನು ಲಿಖಿತವಾಗಿ ಪಡೆಯುವ ಷರತ್ತನ್ನು ಒಪ್ಪಂದದಲ್ಲಿ ಸೇರಿಸಿಕೊಳ್ಳಿ. ಮುಂದಿನ ಗ್ರಾಹಕ ನಿಮ್ಮಿಂದ ಮೊದಲು ಕೇಳುವುದು ಆ ಕಾಗದವನ್ನೇ.